ಏಳನೆಯ ತಿಂಗಳ ಹೊಗೆ ಮತ್ತು ಬಂಕಾ ದ್ವೀಪದ ತವರ

ಸಿಂಗಪುರಕ್ಕೆ ಬಂದು ಎರಡು ತಿಂಗಳೂ ಆಗಿಲ್ಲ, ಸಂಜೆಯಾದರೆ ಮನೆಯ ಕೆಳಗೆ ತಗಡಿನ ಪೀಪಾಯಿಯಲ್ಲಿ ಕಾಗದ ಸುಡುತ್ತಾರೆ, ಇದೇನು, ದೂರು ಕೊಡಬಹುದೇ ಎಂದು ಕೇಳಿದ್ದೀರಿ. ದೂರು ಕೊಡಲು ಅಡ್ಡಿಯಿಲ್ಲ. ಆದರೆ ಈ ಒಂದು ತಿಂಗಳು ಸಂಜೆ ಕಿಟಕಿ ಮುಚ್ಚಿ, ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಂಡರೆ ಸಾಕು ಎಂಬುದು ಹತ್ತೊಂಬತ್ತು ವರ್ಷದಿಂದ ಇಲ್ಲಿರುವ ನನ್ನ ಅಭಿಪ್ರಾಯ. (ಮೊದಲ ವರ್ಷ ಕಿಡಿ ಬಿದ್ದು ತೂತಾದ ಪಂಚೆ ನನ್ನಲ್ಲಿ ಇನ್ನೂ ಇದೆ.)

ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ ಸತ್ತವರು ಈ ಲೋಕಕ್ಕೆ ಬರುತ್ತಾರೆಂಬ ನಂಬಿಕೆಯಿದೆ. ಸುಡುವುದು ಅವರ ಖರ್ಚಿನ ಹಣ. ಗೋರಿಯಲ್ಲಿ ನಿಜವಾದ ನಾಣ್ಯ ಹೂಳಿದರೆ ಕಳ್ಳರ ಕಾಟವಿತ್ತು. ಕಾಗದದ ಹಣಕ್ಕೆ ಆ ಭಯವಿರಲಿಲ್ಲ. ಚೀನಾದ ತಾಂಗ್ ವಂಶದ ಅರಸರ ಆಸ್ಥಾನದ ಪೂಜೆಯಲ್ಲಿ ಅದನ್ನು ಬಳಸಿದವನು 8ನೇ ಶತಮಾನದ ವಾಂಗ್ ಯು ಎಂಬ ಅಧಿಕಾರಿ.

ನಮ್ಮ ಪಕ್ಕದ ಮನೆಯ ಹೊಕ್ಕಿಯನ್ (ದಕ್ಷಿಣ ಚೀನಾದ ಒಂದು ಭಾಷಿಕ ಸಮುದಾಯ) ಅಜ್ಜಿ ಚಿನ್ನದ ಬಣ್ಣದ ರೇಕಿನ ಕಾಗದವನ್ನು ‘ಕಿಮ್’ ಎಂದು ದೇವರಿಗೂ, ಬೆಳ್ಳಿಯದನ್ನು ‘ಗಿನ್’ ಎಂದು ಹಿರಿಯರಿಗೂ ಬೇರೆಬೇರೆಯಾಗಿ ಜೋಡಿಸುತ್ತಾರೆ. ಎಳೆಬಿದಿರನ್ನು ತಿಂಗಳುಗಟ್ಟಲೆ ಸುಣ್ಣದ ನೀರಿನಲ್ಲಿ ಕೊಳೆಸಿ, ಕುಟ್ಟಿ, ತಿಳಿಯಾಗಿ ಕಲಕಿ, ಜಾಲರಿಯಲ್ಲಿ ಎತ್ತಿ ಒಣಗಿಸಿದರೆ ಸಿಗುವ ಒರಟು ಹಳದಿ ಹಾಳೆಯ ನಡುವೆ, ಉಸಿರು ತಾಗಿದರೂ ಹಾರುವಷ್ಟು ತೆಳ್ಳಗೆ ಬಡಿದ ತವರದ ರೇಕನ್ನು ಅಂಟಿಸುತ್ತಿದ್ದರು. ಅದೇ ಬೆಳ್ಳಿ, ಮೇಲೆ ಹಳದಿ ಬಣ್ಣ ಸವರಿದರೆ ಚಿನ್ನ. ರೇಕು ಬಡಿಯುವುದಕ್ಕೆ ಝೆಜಿಯಾಂಗ್ ಪ್ರಾಂತದ ಷಾವ್‌ಶಿಂಗ್ ಪಟ್ಟಣ ಹೆಸರುವಾಸಿಯಾಗಿತ್ತು.

ನನಗೆ ಸೋಜಿಗವೆನಿಸಿದ್ದು ಆ ತವರದ ಕಥೆ. 18ನೇ ಶತಮಾನದಲ್ಲಿ ಅದರ ದೊಡ್ಡ ಪಾಲು ಸಿಂಗಪುರದ ದಕ್ಷಿಣಕ್ಕಿರುವ, ಈಗ ಇಂಡೋನೇಷ್ಯಾಕ್ಕೆ ಸೇರಿದ ಬಂಕಾ ದ್ವೀಪದ ಗಣಿಗಳಿಂದ ಹೋಗುತ್ತಿತ್ತು. ಅಗೆಯಲು ಬಂದವರು ಚೀನಾದ ಹಕ್ಕಾ ಸಮುದಾಯದ ಕೂಲಿಗಳು; ದ್ವೀಪವನ್ನು ಆಳುತ್ತಿದ್ದ ಪಾಲೆಂಬಾಂಗ್ ಸುಲ್ತಾನನಿಂದ ತವರ ಕೊಂಡು ಚೀನಾದ ಕ್ಯಾಂಟನ್ ಬಂದರಿಗೆ ಸಾಗಿಸಿದವರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಮುಖ್ಯವಾದದ್ದು. ಅಲ್ಲಿ ರೇಕಾಗಿ, ಕಾಗದಕ್ಕೆ ಅಂಟಿ, ಅದೇ ತವರ ವಲಸೆಗಾರರ ಪೂಜೆಗೆಂದು ಹಡಗು ಹತ್ತಿ ಇತ್ತ ಮರಳುತ್ತಿತ್ತು. ಈ ಕಾಗದಕ್ಕೆ ಇಂಗ್ಲಿಷಿನಲ್ಲಿರುವ ‘ಜಾಸ್ ಪೇಪರ್’ ಎಂಬ ಹೆಸರಿನ ‘ಜಾಸ್’ ಕೂಡ ಚೀನೀ ಪದವಲ್ಲ, ದೇವರು ಎಂಬರ್ಥದ ಪೋರ್ಚುಗೀಸ್ ಪದದ ಅಪಭ್ರಂಶ.

ಈಗಿನ ಕಟ್ಟುಗಳಲ್ಲಿ ಯಂತ್ರದ ಕಾಗದ, ಅಚ್ಚೊತ್ತಿದ ಬಣ್ಣವೇ ಹೆಚ್ಚು. ಕಾಗದದ ಮೊಬೈಲು, ಕಾರುಗಳೂ ಅಂಗಡಿಯಲ್ಲಿವೆ. ಅಜ್ಜಿ ಮಾತ್ರ ರೇಕಿನ ಹಾಳೆಗಳನ್ನು ದೋಣಿಯಂತೆ ಮಡಚಿ ಬೆಳ್ಳಿಗಟ್ಟಿ ಮಾಡುತ್ತಾರೆ, ನಾನು ಪಕ್ಕದಲ್ಲಿ ಕೂತು ನೆರವಾಗುತ್ತೇನೆ. ನಿಮ್ಮ ನೆರೆಯವರೂ ಕರೆದರೆ ಹೋಗಿ. ಎದ್ದು ಬರುವಾಗ ಕೈ ತೊಳೆದುಕೊಳ್ಳಿ, ಬೆರಳಿಗೆ ಮಸಿ ಹತ್ತಿರುತ್ತದೆ.