ಹೆಬ್ರಾನ್‌ನ ಮನೆ: ಹಣ ಕೊಟ್ಟವರನ್ನೇ ಹೊರಹಾಕಿದ್ದೇಕೆ?

ಪ್ರಶ್ನೆ: ಇಸ್ರೇಲ್ 1967ರಲ್ಲಿ ಆಕ್ರಮಿಸಿಕೊಂಡ ಪಶ್ಚಿಮ ದಂಡೆಯ ಹೆಬ್ರಾನ್ ನಗರದಲ್ಲಿ ಯಹೂದಿಗಳು ದುಡ್ಡು ಕೊಟ್ಟು ಕೊಂಡೆವೆನ್ನುವ ಕಟ್ಟಡದಿಂದ ಅವರನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಇಸ್ರೇಲ್ ಸರ್ಕಾರವೇ ಹೊರಹಾಕಿತು. 2014ರಲ್ಲಿ ಅದೇ ಸುಪ್ರೀಂ ಕೋರ್ಟ್ ಖರೀದಿ ಸರಿ ಎಂದಿತು. ಒಂದೇ ನ್ಯಾಯಾಲಯ ಎರಡು ಮಾತಾಡಬಹುದೇ? ಅರಬರಿಗೂ ಅಲ್ಲಿ ಇದೇ ಕಾನೂನೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನ್ಯಾಯಾಲಯದ ಮುಂದೆ ಬಂದ ಪ್ರಶ್ನೆಗಳೇ ಬೇರೆ ಬೇರೆಯಾಗಿದ್ದವು. 2008ರಲ್ಲಿ ಕೇಳಿದ್ದು ಸ್ವಾಧೀನದ ಬಗ್ಗೆ, 2014ರಲ್ಲಿ ಮಾಲೀಕತ್ವದ ಬಗ್ಗೆ. ನಮ್ಮ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮನ್ನೇ ನೋಡಿ: ಅನುಭವದಲ್ಲಿದ್ದವನನ್ನು ಕಾನೂನಿನ ಹಾದಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿದವನಿಗೆ ನ್ಯಾಯಾಲಯ ಹಕ್ಕಿನ ಗೋಜಿಗೇ ಹೋಗದೆ ಸ್ವಾಧೀನ ಮರಳಿ ಕೊಡಿಸಬಹುದು. ಕ್ರಯಪತ್ರ ಜೇಬಿನಲ್ಲಿದೆ ಎಂದು ಬೀಗ ಒಡೆಯುವಂತಿಲ್ಲ ಎಂಬ ತತ್ವ ಇಸ್ರೇಲಿನಲ್ಲಿಯೂ ಇದೆ.

ಕಿರ್ಯತ್ ಅರ್ಬಾ ಎಂಬ ಯಹೂದಿ ವಸಾಹತಿನಿಂದ, ಅಬ್ರಹಾಮನ ಸಮಾಧಿ ಇದೆ ಎಂದು ನಂಬಲಾದ ಪಿತೃಗಳ ಗುಹೆಗೆ (ಮುಸ್ಲಿಮರಿಗೆ ಇಬ್ರಾಹಿಮಿ ಮಸೀದಿ) ಹೋಗುವ ರಸ್ತೆಯ ಬದಿಯಲ್ಲಿ ಆ ನಾಲ್ಕಂತಸ್ತಿನ ಕಟ್ಟಡವಿದೆ. 2007ರ ಮಾರ್ಚ್‌ನಲ್ಲಿ ಯಹೂದಿ ಕುಟುಂಬಗಳು ಅದರೊಳಗೆ ಸೇರಿಕೊಂಡವು. ಮಧ್ಯವರ್ತಿಯ ಮೂಲಕ ಸುಮಾರು 7 ಲಕ್ಷ ಡಾಲರ್ ಕೊಟ್ಟಿದ್ದಾಗಿ ವರದಿಯಾಗಿತ್ತು. ಮಾತುಕತೆ ನಡೆದದ್ದು ನಿಜ, ಆದರೆ ವ್ಯವಹಾರದಿಂದ ಹಿಂದೆ ಸರಿದೆ ಎಂದರು ಪ್ಯಾಲೆಸ್ತೀನಿ ಮಾಲೀಕರು. ಆ ಮಾಲೀಕರೇ ನೋಟು ಎಣಿಸುತ್ತಿರುವ ವಿಡಿಯೊವನ್ನು ಖರೀದಿದಾರರು ಮುಂದಿಟ್ಟರು. ಕಾಗದಗಳು ನಕಲಿ ಎಂಬ ಶಂಕೆಯೂ ಎದ್ದಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಇಸ್ರೇಲಿಗಳಿಗೆ ಜಮೀನು ಮಾರುವುದು ಪ್ಯಾಲೆಸ್ತೀನಿ ಪ್ರಾಧಿಕಾರದ (ಪ್ಯಾಲೆಸ್ತೀನಿಯರ ಸ್ವಯಮಾಡಳಿತ ಸಂಸ್ಥೆ) ಕಾನೂನಿನಲ್ಲಿ ಆಗ ಮರಣದಂಡನೆಯವರೆಗೆ ಹೋಗಬಲ್ಲ ಅಪರಾಧವಾಗಿತ್ತು. ಮಾರಿದವನೂ ಮಾರಿಲ್ಲ ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಕೇ? ಇದೇ ಭಯದಿಂದ ಖರೀದಿದಾರರೂ ತೆರೆಮರೆಯ ಮಧ್ಯವರ್ತಿಗಳನ್ನು ಹಿಡಿಯುತ್ತಾರೆ. ಜೊತೆಗೆ, 1967ಕ್ಕೆ ಮೊದಲು ಜೋರ್ಡಾನ್ ಆಳ್ವಿಕೆಯ ಕಾಲದಲ್ಲಿ ನಡೆಯುತ್ತಿದ್ದ ಭೂ ನೋಂದಣಿ ಕಾರ್ಯವನ್ನು ಇಸ್ರೇಲಿ ಸೇನೆ 1968ರಲ್ಲಿ ನಿಲ್ಲಿಸಿದಾಗ ಪಶ್ಚಿಮ ದಂಡೆಯ ಸುಮಾರು ಮೂರನೇ ಒಂದು ಭಾಗವಷ್ಟೇ ದಾಖಲಾಗಿತ್ತು. ಹೀಗಿರುವಾಗ ಕಾಗದಪತ್ರ ಚೊಕ್ಕವಾಗಿರಲಿ ಎಂದು ಬಯಸುವುದು ಅತಿಯಾಸೆ.

ನವೆಂಬರ್ 2008ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕತ್ವ ಇತ್ಯರ್ಥವಾಗುವವರೆಗೆ ಕಟ್ಟಡ ಸರ್ಕಾರದ ವಶದಲ್ಲಿರಲಿ, ನಿವಾಸಿಗಳು ತೆರವು ಮಾಡಲಿ ಎಂದಿತು. ಅವರು ಕದಲಲಿಲ್ಲ. 4 ಡಿಸೆಂಬರ್‌ನಂದು ರಕ್ಷಣಾ ಸಚಿವ ಎಹುದ್ ಬರಾಕ್ ಅವರ ಆದೇಶದ ಮೇರೆಗೆ ಪೊಲೀಸರು ನುಗ್ಗಿ ಎಲ್ಲರನ್ನೂ ಹೊರಗೆಳೆದರು. ಬೆನ್ನಲ್ಲೇ ಉದ್ರಿಕ್ತ ವಸಾಹತುಗಾರರು ಪ್ಯಾಲೆಸ್ತೀನಿಯರ ಮನೆಗಳ ಮೇಲೆ ನಡೆಸಿದ ದಾಳಿಯನ್ನು ಪ್ರಧಾನಿ ಎಹುದ್ ಓಲ್ಮರ್ಟ್ ‘ಪೊಗ್ರೊಮ್’ ಎಂದೇ ಕರೆದರು. ಯಹೂದಿಗಳ ಮೇಲೆ ನಡೆದ ಹತ್ಯಾಕಾಂಡಗಳಿಗೆ ಬಳಸುತ್ತಿದ್ದ ಮಾತು ಯಹೂದಿ ಪ್ರಧಾನಿಯ ಬಾಯಲ್ಲೇ ಹೀಗೆ ಬಂದದ್ದು ಸಣ್ಣ ಸಂಗತಿಯೇನಲ್ಲ.

ಮಾಲೀಕತ್ವದ ವಿಚಾರಣೆ ಮುಂದುವರಿಯಿತು. 2012ರಲ್ಲಿ ಜೆರುಸಲೇಮ್ ಜಿಲ್ಲಾ ನ್ಯಾಯಾಲಯ ಖರೀದಿ ಸಿಂಧು ಎಂದಿತು. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತೀರ್ಪು ಬಂದರೂ ಕೀಲಿ ಕೈಗೆ ಬರಲು ರಕ್ಷಣಾ ಸಚಿವರ ಒಪ್ಪಿಗೆ ಬೇಕಾಗಿತ್ತು. ಏಪ್ರಿಲ್‌ನಲ್ಲಿ ಆಗಿನ ಸಚಿವ ಮೋಶೆ ಯಾಲೋನ್ ಒಪ್ಪಿದ ಮೇಲೆ ಕುಟುಂಬಗಳು ಮರಳಿದವು.

ಹಾಗಾದರೆ 2008ರ ತೆರವು ತಪ್ಪೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ತಪ್ಪೆಂದರೆ, ಸ್ವಾಧೀನ ಕಳೆದುಕೊಂಡವರು ಹಕ್ಕಿನ ತೀರ್ಪಿಗೆ ಐದು ವರ್ಷಕ್ಕೂ ಮೀರಿ ಕಾಯಬೇಕಾದದ್ದು. ಆದರೆ ಕ್ರಯ ಸಿಂಧುವಾದ ಮಾತ್ರಕ್ಕೆ ಆಕ್ರಮಿತ ಪ್ರದೇಶದಲ್ಲಿ ವಸಾಹತು ನ್ಯಾಯಸಮ್ಮತವಾಗುವುದಿಲ್ಲ. ಯುದ್ಧಕಾಲದಲ್ಲಿ ನಾಗರಿಕರನ್ನು ರಕ್ಷಿಸುವ ನಾಲ್ಕನೇ ಜಿನೀವಾ ಒಪ್ಪಂದದ ಪ್ರಕಾರ ಅದು ಅಕ್ರಮ ಎಂಬುದು ಹೆಚ್ಚಿನ ದೇಶಗಳ ನಿಲುವು. ಇಸ್ರೇಲ್ ಅದನ್ನು ಒಪ್ಪುವುದಿಲ್ಲ.

ಇನ್ನು ಅರಬರ ಮಾತು: ಇಬ್ಬರಿಗೂ ಕಾನೂನು ಒಂದೇ ಅಲ್ಲ. ಅರಬರು ನಡೆಸಿದ 1929ರ ಹತ್ಯಾಕಾಂಡದಲ್ಲಿ ಹೆಬ್ರಾನ್‌ನ 67 ಯಹೂದಿಗಳು ಸತ್ತು, ಉಳಿದವರು ಊರು ಬಿಡಬೇಕಾಯಿತು. ‘ನಮ್ಮ ಮನೆಗಳಿಗೆ ನಾವು ಮರಳುತ್ತೇವೆ’ ಎಂಬ ಅಲ್ಲಿನ ಯಹೂದಿಗಳ ವಾದದ ಬೇರು ಅಲ್ಲಿದೆ. ಪೂರ್ವ ಜೆರುಸಲೇಮ್‌ನಲ್ಲಿ ಯಹೂದಿಗಳು 1948ರ ಯುದ್ಧಕ್ಕೆ ಮೊದಲಿನ ಆಸ್ತಿ ಮರಳಿ ಕೇಳಲು 1970ರ ಇಸ್ರೇಲಿ ಕಾನೂನು ಅವಕಾಶ ಕೊಟ್ಟಿದೆ. ಅದೇ ಯುದ್ಧದಲ್ಲಿ ಪಶ್ಚಿಮ ಜೆರುಸಲೇಮ್‌ನ ಮನೆ ಬಿಟ್ಟು ಹೋದ ಪ್ಯಾಲೆಸ್ತೀನಿಯರಿಗೆ ಆ ದಾರಿ ಇಲ್ಲ. ಅವರ ಆಸ್ತಿಯನ್ನು 1950ರ ಗೈರುಹಾಜರಿಗಳ ಆಸ್ತಿ ಕಾಯ್ದೆ ಸರ್ಕಾರಿ ಪಾಲಕನ ಕೈಗೆ ಒಪ್ಪಿಸಿದೆ.