ಕಣಕಾಲಿನ ಮೊಳೆ

ಪ್ರಶ್ನೆ: ವೈಜ್ಞಾನಿಕ ಕಥೆಗಳಲ್ಲಿ ಪ್ರೊಮಿಥಿಯಸ್, ಪಂಡೋರಾ, ಒಡಿಸ್ಸಿ ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಗ್ರೀಕ್ ಪುರಾಣಕ್ಕೂ ಯಂತ್ರಗಳಿಗೂ ಏನು ನಂಟು? ನಾನು ಬರೆಯುತ್ತಿರುವ ಕಥೆಯ ನೌಕೆಗೂ ಅಂಥದ್ದೊಂದು ಹೆಸರಿಡಲೇ?

ಉತ್ತರ: ನಾಮಕರಣ ಕೊನೆಗಿರಲಿ. ನನ್ನ ಮೊದಲ ಕಥೆಯಲ್ಲಿ ಗಣಿ ಅಗೆಯುವ ರೋಬಾಟ್ ಇತ್ತು. ಅದಕ್ಕೆ ಟಾಲೋಸ್ ಎಂದು ಹೆಸರಿಟ್ಟು ಬೀಗಿದ್ದೆ. ಸಂಪಾದಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಟಿಪ್ಪಣಿ: 'ಹೆಸರು ಹೊಡೆದುಹಾಕಿ ಓದಿದೆ. ಕಥೆಗೆ ಏನೂ ಆಗಲಿಲ್ಲ.' ಎರಡು ದಿನ ಸಿಟ್ಟಿನಲ್ಲಿದ್ದೆ. ಟಾಲೋಸ್‌ನ ಕಥೆಯನ್ನು ಪೂರ್ತಿಯಾಗಿ ಓದಿದ್ದು ಆಮೇಲೆ.

ಟಾಲೋಸ್ ಕ್ರೀಟ್ ದ್ವೀಪದ ಕಾವಲಿಗಿದ್ದ ಕಂಚಿನ ದೈತ್ಯ. ದಿನಕ್ಕೆ 3 ಬಾರಿ ದ್ವೀಪವನ್ನು ಸುತ್ತುತ್ತಾನೆ, ದಡಕ್ಕೆ ಬರುವ ಹಡಗುಗಳ ಮೇಲೆ ಬಂಡೆ ಎಸೆಯುತ್ತಾನೆ. ಕುತ್ತಿಗೆಯಿಂದ ಕಣಕಾಲಿನವರೆಗೆ ಇಳಿಯುವ ಒಂದೇ ಒಂದು ರಕ್ತನಾಳ. ಅದರ ತುದಿಗೆ ಬಿರಡೆಯಂತೆ ಒಂದು ಕಂಚಿನ ಮೊಳೆ. ಮಾಟಗಾತಿ ಮೆಡೀಯಾ ಅವನನ್ನು ಕೆಡವಿದ ಬಗೆಗೆ ಹಲವು ಕಥೆಗಳಿವೆ. ಒಂದರಲ್ಲಿ ಅವಳು 'ನಿನ್ನನ್ನು ಅಮರನನ್ನಾಗಿ ಮಾಡುತ್ತೇನೆ' ಎಂದು ನಂಬಿಸಿ ಮೊಳೆಯನ್ನು ಕಿತ್ತುಬಿಡುತ್ತಾಳೆ. ಇನ್ನೊಂದರಲ್ಲಿ ಅವಳ ಮಂತ್ರಕ್ಕೆ ಸಿಕ್ಕಿ ಅವನ ಕಣಕಾಲು ಬಂಡೆಗೆ ತರಚುತ್ತದೆ, ಮೈಯೊಳಗಿನ ದ್ರವ ಕರಗಿದ ಸೀಸದಂತೆ ಹರಿದುಹೋಗುತ್ತದೆ.

ಮೊದಲನೆಯದನ್ನು ಇನ್ನೊಮ್ಮೆ ಓದಿ. ಸಾಯಲು ಹೆದರುವ ಯಂತ್ರ! ಗೊತ್ತುಪಡಿಸಿದ ಕೆಲಸ, ಒಳಗೆ ಹರಿಯುವ ಶಕ್ತಿ, ಒಂದೇ ದುರ್ಬಲ ಜಾಗ, ಅದರ ಜೊತೆಗೆ ಮಾಡಿದವನು ಎಣಿಸಿರದ ಒಂದು ಆಸೆ. ಇಡೀ ರೋಬಾಟ್ ಸಾಹಿತ್ಯ ಈ ಮೊಳೆಗೆ ತೂಗುಬಿದ್ದಿದೆ ಎಂದರೆ ಅತಿಶಯೋಕ್ತಿ, ಆದರೂ ಹೇಳಿಬಿಡುತ್ತೇನೆ. ನಾನು ಹೆಸರನ್ನು ಎತ್ತಿಕೊಂಡು ಮೊಳೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮೇರಿ ಶೆಲ್ಲಿ ಆ ತಪ್ಪು ಮಾಡಲಿಲ್ಲ. 1818ರ 'ಫ್ರಾಂಕೆನ್‌ಸ್ಟೈನ್' ಕಾದಂಬರಿಗೆ 'ಆಧುನಿಕ ಪ್ರೊಮಿಥಿಯಸ್' ಎಂಬ ಉಪಶೀರ್ಷಿಕೆ ಕೊಟ್ಟರು, ಕೊಟ್ಟು ಪುರಾಣವನ್ನು ತಲೆಕೆಳಗು ಮಾಡಿದರು. ಪ್ರೊಮಿಥಿಯಸ್ ಮಣ್ಣಿನಿಂದ ಮನುಷ್ಯರನ್ನು ಮಾಡಿದ, ಅವರಿಗಾಗಿ ಬೆಂಕಿ ಕದ್ದ, ಆ ತಪ್ಪಿಗೆ ಬಂಡೆಗೆ ಬಿಗಿಸಿಕೊಂಡು ದಿನವೂ ಹದ್ದಿಗೆ ಪಿತ್ತಜನಕಾಂಗ ಒಡ್ಡಿದ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮಾಡಿದ್ದೇನು? ತಾನು ಸೃಷ್ಟಿಸಿದ ಜೀವಿ ಹಳದಿ ಕಣ್ಣು ತೆರೆದದ್ದೇ ತಡ, ಕೋಣೆಯಿಂದ ಓಡಿಹೋದ. ಕಾದಂಬರಿಯ ಅನಾಹುತವೆಲ್ಲ ಆ ಓಟದಿಂದ ಶುರು.

ನಿಮ್ಮ ನೌಕೆಗೆ ಸದ್ಯಕ್ಕೆ ಬರೀ ಒಂದು ಸಂಖ್ಯೆ ಸಾಕು.

ಪ್ರಶ್ನೆ: ಅಮರತ್ವದ ಕುರಿತು ಕಥೆ ಬರೆಯಬೇಕು. ಪುರಾಣದಲ್ಲಿ ಆಧಾರವಿದೆಯೇ?

ಉತ್ತರ: ಟಿಥೋನಸ್‌ನನ್ನು ಹುಡುಕಿ. ಉಷೆಯ ದೇವತೆ ಈಯೋಸ್ ತನ್ನ ಪ್ರಿಯಕರ ಟಿಥೋನಸ್‌ಗಾಗಿ ದೇವತೆಗಳ ರಾಜ ಜ್ಯೂಸ್‌ನಲ್ಲಿ ಅಮರತ್ವ ಬೇಡಿದಳು. ಯೌವನ ಬೇಡಲು ಮರೆತಳು. ಜ್ಯೂಸ್ ಕೇಳಿದ್ದನ್ನಷ್ಟೇ ಕೊಟ್ಟ. ಕೈಕಾಲು ಎತ್ತಲಾರದಷ್ಟು ಮುಪ್ಪು ಬಂದಾಗ ಅವಳು ಅವನನ್ನು ಕೋಣೆಯೊಂದರಲ್ಲಿ ಮಲಗಿಸಿ ಬಾಗಿಲು ಮುಚ್ಚಿದಳು. ಒಳಗಿನಿಂದ ದನಿ ಮಾತ್ರ ನಿಲ್ಲದೆ ಬರುತ್ತಿತ್ತು. ನಿಮ್ಮ ಕಥೆಯನ್ನು ಆ ಬಾಗಿಲ ಹೊರಗಿನಿಂದ ಆರಂಭಿಸಿ ನೋಡಿ.

ಪ್ರಶ್ನೆ: ಪಂಡೋರಾಳ ಪೆಟ್ಟಿಗೆ ಎಷ್ಟು ದೊಡ್ಡದಿತ್ತು?

ಉತ್ತರ: ಮುಚ್ಚಳ ತೆರೆದು ಪಂಡೋರಾ ಕೇಡುಗಳನ್ನೆಲ್ಲ ಲೋಕಕ್ಕೆ ಬಿಟ್ಟದ್ದು ಪೆಟ್ಟಿಗೆಯಿಂದಲೇ ಅಲ್ಲ, ದೊಡ್ಡ ಜಾಡಿಯಿಂದ. ಅದನ್ನು ಪೆಟ್ಟಿಗೆ ಮಾಡಿದ್ದು 16ನೆಯ ಶತಮಾನದ ವಿದ್ವಾಂಸ ಎರಾಸ್ಮಸ್‌ನ ಲ್ಯಾಟಿನ್ ಅನುವಾದ.