ಓದುಗರ ಪ್ರಶ್ನೆ: ಅಕ್ವೇರಿಯಂ ಗಿಡಗಳಿಗೆ ಯಾವ ದೀಪ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ, ಒಂದು ಅಡಿ ಅಗಲ ಮತ್ತು ಎತ್ತರದ ಅಕ್ವೇರಿಯಂ ಇದೆ. ಅನುಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ ಗಿಡಗಳನ್ನು ನೆಟ್ಟಿದ್ದೇವೆ. 30 ವ್ಯಾಟ್‌ನ ಎಲ್‌ಇಡಿ ದೀಪವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಚ್ಚಿಟ್ಟರೂ ಗಿಡಗಳು ಚೇತರಿಸಿಕೊಳ್ಳುತ್ತಿಲ್ಲ, ಎಲೆಗಳ ಮೇಲೆ ಪಾಚಿ ಕಟ್ಟುತ್ತಿದೆ. ಇನ್ನೂ ಪ್ರಖರವಾದ ದೀಪ ಬೇಕೇ? ಕೆಂಪು-ನೀಲಿ ದೀಪ ಒಳ್ಳೆಯದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಇನ್ನೂ ಪ್ರಖರವಾದ ದೀಪ ಖಂಡಿತ ಬೇಡ, ಈಗಿರುವುದೇ ಹೆಚ್ಚಾಗಿದೆ. ವ್ಯಾಟ್ ಎಂಬುದು ದೀಪ ಬಳಸುವ ವಿದ್ಯುತ್ತಿನ ಲೆಕ್ಕವೇ ಹೊರತು ಬೆಳಕಿನ ಲೆಕ್ಕವಲ್ಲ. ಆದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲೆ ಬೆಳಕಿನ ಪ್ರಮಾಣವನ್ನು ಹೇಳುವ ಲ್ಯೂಮೆನ್ ಅಂಕಿಯನ್ನು ನೋಡಿ. ನೀವು ಬೆಳೆಸಿರುವ ಗಿಡಗಳು ಕಡಿಮೆ ಬೆಳಕಿನಲ್ಲೇ ಬಾಳುವಂಥವು. ಲೀಟರಿಗೆ ಸುಮಾರು 20 ಲ್ಯೂಮೆನ್ ಅವಕ್ಕೆ ಸಾಕು. ನಿಮ್ಮ ತೊಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 55 ಲೀಟರ್ ನೀರಾದ್ದರಿಂದ, ಸುಮಾರು 1000 ಲ್ಯೂಮೆನ್ ಕೊಡುವ 10 ವ್ಯಾಟ್‌ನ ಒಳ್ಳೆಯ ಎಲ್‌ಇಡಿ ಪಟ್ಟಿಯೇ ಸರಿಹೋಗುತ್ತದೆ. ಬೆಳಕು ಹೆಚ್ಚಿದಷ್ಟೂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶಗಳು ಹೆಚ್ಚು ಬೇಕಾಗುತ್ತವೆ. ಅವು ಸಿಗದೆ ಗಿಡಗಳ ಬೆಳವಣಿಗೆ ನಿಂತಾಗ, ಉಳಿದ ಬೆಳಕೆಲ್ಲ ಪಾಚಿಯ ಪಾಲಾಗುತ್ತದೆ. ಅನುಬಿಯಾಸ್ ನಿಧಾನವಾಗಿ ಬೆಳೆಯುವ ಗಿಡವಾದ್ದರಿಂದ ಅದರ ಹಳೆಯ ಎಲೆಗಳ ಮೇಲೆಯೇ ಪಾಚಿ ಮೊದಲು ಕೂರುತ್ತದೆ.

ಕೆಂಪು-ನೀಲಿ ದೀಪದ ಅಗತ್ಯವಿಲ್ಲ. 6500 ಕೆಲ್ವಿನ್‌ನ (ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ಆ ಎರಡೂ ಬಣ್ಣಗಳಿರುತ್ತವೆ, ಮೀನುಗಳ ಬಣ್ಣವೂ ಸಹಜವಾಗಿ ಕಾಣುತ್ತದೆ.

ದೀಪದಷ್ಟೇ ಮುಖ್ಯವಾದದ್ದು ಅದು ಉರಿಯುವ ಅವಧಿ. ಟೈಮರ್ ಹಾಕಿ, ದಿನಕ್ಕೆ ಆರರಿಂದ ಏಳು ಗಂಟೆ ಮಾತ್ರ ಉರಿಸಿ. ಕಿಟಕಿಯ ಬಿಸಿಲು ತೊಟ್ಟಿಗೆ ನೇರವಾಗಿ ಬೀಳದಂತೆ ನೋಡಿಕೊಳ್ಳಿ. ನಮ್ಮ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ ಆ ತಿಂಗಳುಗಳಲ್ಲಿ ದೀಪವನ್ನು ಮಧ್ಯಾಹ್ನ ಆರಿಸಿ ಸಂಜೆಯ ಹೊತ್ತಿಗೆ ಹಚ್ಚುವುದು, ಗಾಜಿನ ಮುಚ್ಚಳಕ್ಕೆ ತಗಲದಂತೆ ಮೂರು-ನಾಲ್ಕು ಇಂಚು ಮೇಲಕ್ಕೆ ತೂಗುಹಾಕುವುದು ಒಳ್ಳೆಯದು.

ಹೊಸ ಎಲೆಗಳಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ದೀಪ ಬದಲಿಸಿ ಪ್ರಯೋಜನವಿಲ್ಲ. ಗಡಸು ನೀರಿನಲ್ಲಿ ಗಿಡಗಳಿಗೆ ಕಬ್ಬಿಣ ಸುಲಭವಾಗಿ ದಕ್ಕುವುದಿಲ್ಲ. ಅಲಂಕಾರಕ್ಕೆಂದು ಶಹಾಬಾದ್ ಕಲ್ಲಿನ ತುಂಡುಗಳನ್ನು ಇಟ್ಟಿದ್ದರೆ ತೆಗೆದುಬಿಡಿ; ಅದು ಸುಣ್ಣದ ಕಲ್ಲಾದ್ದರಿಂದ ನೀರಿನ ಗಡಸುತನವನ್ನು ಹೆಚ್ಚಿಸುತ್ತದೆ. ಪಾಚಿ ದಟ್ಟವಾಗಿ ಹಿಡಿದ ಎಲೆಗಳನ್ನು ಬುಡದಿಂದಲೇ ಕತ್ತರಿಸಿ, ಮುಂದೆ ಬರುವ ಎಲೆಗಳನ್ನು ನೋಡಿ ಬೆಳಕಿನ ಅವಧಿಯನ್ನು ಅರ್ಧ ಗಂಟೆಯಷ್ಟು ಹೆಚ್ಚು-ಕಡಿಮೆ ಮಾಡಿಕೊಳ್ಳಿ.